ಚಿತ್ತೆಯ ಚರಿತ್ರೆ

ಬೇಸಿಗೆಯ ರಾತ್ರಿ. ಊಟವಾಗಿದೆ, ವಾರ್ತೆಗಳನ್ನು ಕೇಳಿ ರೇಡಿಯೋ ನಿಲ್ಲಿಸಿದ್ದೀರಿ. ಸೆಕೆ ತಾಳಲಾರದೆ ಚಾಪೆ ದಿಂಬುಗಳೊಡನೆ ಮಹಡಿಯ ಮೇಲಕ್ಕೆ ಹೋಗುವ ರೂಢಿ ನಿಮ್ಮ ಮನೆಯಲ್ಲಿ ಉಂಟೆ? ಉಂಟಾದರೆ ಒಂದು ಗಳಿಗೆ ನನ್ನ ಜೊತೆಗೆ ಆಕಾಶವನ್ನು ನೋಡಬೇಕೆಂದು ಕೋರುತ್ತೇನೆ. ಮೇ ತಿಂಗಳ ನಡುವಿನಲ್ಲಿ, ರಾತ್ರಿ ಒಂಬತ್ತು ಗಂಟೆಯ ಹೊತ್ತಿಗೆ, ಮೊದಲು ಉತ್ತರಕ್ಕೆ ಮುಖಮಾಡಿ ಸಪ್ತರ್ಷಿಮಂಡಲವನ್ನು ಗುರುತಿಸಿರಿ. ಅದರ ಬಾಲದ ಮೂರು ನಕ್ಷತ್ರಗಳು ಬಿಲ್ಲಿನಂತೆ ಬಾಗಿವೆ. ಆ ಬಾಗನ್ನೇ ಮುಂದುವರಿಸಿಕೊಂಡು ಬಂದರೆ ನೆತ್ತಿಯಿಂದ ತುಸು ಪೂರ್ವಕ್ಕೆ ಕಿತ್ತಳೆಯ ಬಣ್ಣದ ಸ್ವಾತಿ ಸಿಕ್ಕುತ್ತದೆ. ಅದೇ ಬಾಗಿನಲ್ಲಿ ಇನ್ನೂ ದಕ್ಷಿಣಕ್ಕೆ ಇಳಿಯಿರಿ. ಸುತ್ತಮುತ್ತ ಸರಿಸಾಟಿಯಾದ ಜೊತೆಗಾರರಿಲ್ಲದೆ, ನೀಲಿ ಬೆರೆತ ಬಿಳುಪಿನಿಂದ ಒಂಟಿಯಾಗಿ ಹೊಳೆಯುವ ತಾರೆಯೊಂದು ಕಾಣಿಸುತ್ತದೆ. ಅದೇ ಚಿತ್ರಾ ನಕ್ಷತ್ರ. ನಮ್ಮ ರೈತರ ಬಾಯಲ್ಲಿ ಚಿತ್ತೆ.

ನೀವು ಈಗ ನೋಡುತ್ತಿರುವ ಬೆಳಕು ಅಲ್ಲಿಂದ ಹೊರಟು ಸುಮಾರು ೨೫೦ ವರ್ಷಗಳಾದುವು. ಅಂದು ಶ್ರೀರಂಗಪಟ್ಟಣದಲ್ಲಿ ಹೈದರ್ ಅಲಿ ಆಳುತ್ತಿದ್ದ. ಆದರೆ ನಾನು ಹೇಳಹೊರಟಿರುವ ಕಥೆ ಅದಕ್ಕಿಂತ ಬಹಳ ಹಳೆಯದು. ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಮನುಷ್ಯರು ಈ ತಾರೆಯನ್ನು ಆಕಾಶಕ್ಕೆ ಹೊಡೆದ ಗೂಟವೆಂದು ನಂಬಿ, ತಮ್ಮ ಲೆಕ್ಕಗಳನ್ನೆಲ್ಲ ಅದಕ್ಕೆ ಕಟ್ಟಿದರು. ನಮ್ಮ ಗೋಡೆಯ ಮೇಲೆ ತೂಗುವ ಪಂಚಾಂಗದ ಹಗ್ಗವೂ ಅದೇ ಗೂಟಕ್ಕೆ ಬಿಗಿದಿದೆ.

ಹೆಸರುಗಳನ್ನು ಮೊದಲು ಮುಗಿಸಿಬಿಡೋಣ. ಹುಣ್ಣಿಮೆಯ ಚಂದ್ರ ಚಿತ್ತೆಯ ಬಳಿ ಬರುವ ತಿಂಗಳು ಚೈತ್ರ. ಎಂದರೆ ನಮ್ಮ ವರ್ಷದ ಮೊದಲನೆಯ ತಿಂಗಳಿಗೆ ಹೆಸರು ಕೊಟ್ಟದ್ದು ಈ ತಾರೆ. ವೇದಕಾಲದವರು ಇದಕ್ಕೆ ದೇವಶಿಲ್ಪಿಯಾದ ತ್ವಷ್ಟೃವನ್ನು ಅಧಿದೇವತೆಯಾಗಿ ಮಾಡಿದರು; ಮುತ್ತನ್ನು ಇದರ ಗುರುತಾಗಿ ಹೇಳುವುದುಂಟು. ಗ್ರೀಕರೂ ರೋಮನರೂ ಕನ್ಯಾರಾಶಿಯನ್ನು ಕೈಯಲ್ಲಿ ಧಾನ್ಯದ ತೆನೆ ಹಿಡಿದ ಹೆಣ್ಣೆಂದು ಭಾವಿಸಿ, ಆ ತೆನೆಯನ್ನೇ ಈ ತಾರೆಯಾಗಿ ಕಂಡರು. ಸ್ಪೈಕ ಎಂಬ ಲ್ಯಾಟಿನ್ ಹೆಸರಿಗೆ ತೆನೆಯೆಂದೇ ಅರ್ಥ. ಚೀನರ ಇಪ್ಪತ್ತೆಂಟು ಚಂದ್ರಮಂದಿರಗಳ ಎಣಿಕೆ ಆರಂಭವಾಗುವುದೂ ಇಲ್ಲಿಂದಲೇ. ಅವರಿಗೆ ಇದು ಕೊಂಬು.

ಇಷ್ಟು ಜನ ಇದೊಂದು ತಾರೆಯನ್ನು ಹಿಡಿದುಕೊಂಡದ್ದೇಕೆ? ಹೊಳಪು ಒಂದು ಕಾರಣವಷ್ಟೆ. ಮುಖ್ಯ ಕಾರಣ ಅದು ನಿಂತಿರುವ ಜಾಗ. ವರ್ಷಕ್ಕೊಮ್ಮೆ ಸೂರ್ಯನು ನಕ್ಷತ್ರಗಳ ನಡುವೆ ಸುತ್ತಿ ಬರುವ ದಾರಿಗೆ ಕ್ರಾಂತಿವೃತ್ತವೆಂದು ಹೆಸರು. ಚಿತ್ತೆ ಆ ದಾರಿಯಿಂದ ಕೇವಲ ೨ ಡಿಗ್ರಿ ದಕ್ಷಿಣಕ್ಕಿದೆ. ಚಂದ್ರನೂ ಗ್ರಹಗಳೂ ಅದರ ಮಗ್ಗುಲಲ್ಲಿಯೇ ಹಾದುಹೋಗುತ್ತವೆ. ಚಂದ್ರನು ಒಮ್ಮೊಮ್ಮೆ ಅದನ್ನು ಮರೆಮಾಡುವುದೂ ಉಂಟು. ಹೆದ್ದಾರಿಯ ಬದಿಯ ಮೈಲಿಗಲ್ಲಿನಂತೆ ಅದು ದಾರಿಹೋಕರನ್ನು ಅಳೆಯಲು ಹೇಳಿಮಾಡಿಸಿದ ತಾರೆ.

ಇನ್ನು ನಮ್ಮ ಮನೆಯ ಒಂದು ಮಾತು. ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ, ಡಿಸೆಂಬರ್ ೨೨ರ ಸುಮಾರಿಗೆ ಸೂರ್ಯನು ಉತ್ತರಕ್ಕೆ ತಿರುಗುತ್ತಾನೆಂದು ಭೂಗೋಳದ ಪುಸ್ತಕದಲ್ಲಿ ಓದಿದೆ. ಮನೆಯಲ್ಲಿ ಉತ್ತರಾಯಣ ಪುಣ್ಯಕಾಲವೆಂದು ಎಳ್ಳು ಬೆಲ್ಲ ಬೀರಿದ್ದು ಜನವರಿ ೧೪ರಂದು. ಕೊಬ್ಬರಿ ಹೆಚ್ಚುತ್ತ ಕುಳಿತಿದ್ದ ತಾತನವರನ್ನು, "ಸೂರ್ಯ ತಿರುಗಿ ಮೂರು ವಾರ ಕಳೆದ ಮೇಲೆ ನಾವು ಹಬ್ಬ ಮಾಡುವುದೇಕೆ?" ಎಂದು ಕೇಳಿದೆ. ತಾತನವರು ಕತ್ತಿ ನಿಲ್ಲಿಸದೆ, "ಪುಸ್ತಕದ ಸೂರ್ಯ ಬೇರೆ, ಪಂಚಾಂಗದ ಸೂರ್ಯ ಬೇರೆ ಕಣಯ್ಯ" ಎಂದರು. ತಪ್ಪಿಸಿಕೊಳ್ಳಲು ಹೇಳಿದ ಮಾತೆಂದು ಆಗ ನನಗೆ ಅನ್ನಿಸಿತು. ಅದರಲ್ಲಿ ಎಷ್ಟು ಸತ್ಯವಿತ್ತೆಂಬುದು ತಿಳಿದದ್ದು ಬಹಳ ವರ್ಷಗಳ ಮೇಲೆ, ಚಿತ್ತೆಯ ಚರಿತ್ರೆಯನ್ನು ಓದಿದಾಗ.

ಆ ಚರಿತ್ರೆಯ ಮೊದಲ ಪುಟ ತೆರೆಯುವುದು ಈಜಿಪ್ಟಿನ ಅಲೆಕ್ಸಾಂಡ್ರಿಯ ನಗರದಲ್ಲಿ. ಅಲ್ಲಿ ತಿಮೊಕಾರಿಸ್ ಎಂಬ ಗ್ರೀಕ್ ಖಗೋಳಜ್ಞನು ಕ್ರಿಸ್ತಪೂರ್ವ ೨೯೪ರಲ್ಲಿ ಒಮ್ಮೆ, ೨೮೩ರಲ್ಲಿ ಮತ್ತೊಮ್ಮೆ, ಚಂದ್ರನು ಚಿತ್ತೆಯನ್ನು ಸೋಕಿಕೊಂಡು ಹೋದುದನ್ನು ನೋಡಿ, ದಿನವನ್ನೂ ವೇಳೆಯನ್ನೂ ಬರೆದಿಟ್ಟ. ಹಾಗೆ ಬರೆದಿಟ್ಟದ್ದೇ ಅವನ ದೊಡ್ಡ ಉಪಕಾರ. ಒಂದೂವರೆ ಶತಮಾನದ ಅನಂತರ, ಕ್ರಿಸ್ತಪೂರ್ವ ೧೨೯ರ ಸುಮಾರಿಗೆ, ಹಿಪಾರ್ಕಸ್ ಎಂಬಾತನು ಆ ಹಳೆಯ ಬರಹವನ್ನು ತನ್ನ ಅಳತೆಗಳ ಪಕ್ಕದಲ್ಲಿಟ್ಟು ನೋಡಿದ.

ಅವನು ಅಳೆಯಬೇಕಾಗಿದ್ದುದು ಏನೆಂಬುದನ್ನು ಸ್ವಲ್ಪ ವಿವರಿಸಬೇಕು. ವರ್ಷದಲ್ಲಿ ಎರಡು ದಿನ ಹಗಲು ರಾತ್ರಿಗಳು ಸಮವಾಗುತ್ತವೆ, ಮಾರ್ಚಿನಲ್ಲೊಂದು, ಸೆಪ್ಟೆಂಬರಿನಲ್ಲೊಂದು. ಆ ದಿನಗಳಲ್ಲಿ ಸೂರ್ಯನು ಆಕಾಶದಲ್ಲಿ ಇರುವ ಸ್ಥಾನಕ್ಕೆ ವಿಷುವದ್ಬಿಂದು ಎನ್ನುತ್ತಾರೆ. ಸೆಪ್ಟೆಂಬರಿನ ವಿಷುವದ್ಬಿಂದುವಿಗೆ ಚಿತ್ತೆ ಎಷ್ಟು ದೂರ? ಪ್ರಶ್ನೆ ಸುಲಭ, ಉತ್ತರ ಕಷ್ಟ. ಸೂರ್ಯನಿರುವಾಗ ನಕ್ಷತ್ರ ಕಾಣದು. ನಕ್ಷತ್ರ ಕಾಣುವಾಗ ಸೂರ್ಯನಿಲ್ಲ. ಹಿಪಾರ್ಕಸ್ ಹೂಡಿದ ಉಪಾಯ ನನಗೆ ಇಂದಿಗೂ ಬೆರಗನ್ನುಂಟುಮಾಡುತ್ತದೆ. ಅವನು ಚಂದ್ರಗ್ರಹಣಕ್ಕಾಗಿ ಕಾದ. ಗ್ರಹಣದ ನಡುಗಾಲದಲ್ಲಿ ಚಂದ್ರನು ಸೂರ್ಯನಿಗೆ ನೇರ ಎದುರಾಗಿರುತ್ತಾನೆ. ಇದರಲ್ಲಿ ಸಂಶಯಕ್ಕೆ ಎಡೆಯಿಲ್ಲ. ಅಂದು ಸೂರ್ಯನೆಲ್ಲಿದ್ದಾನೆಂಬುದು ತಾರೀಖಿನ ಲೆಕ್ಕದಿಂದ ಗೊತ್ತು. ಆದುದರಿಂದ ಕಪ್ಪಾದ ಚಂದ್ರನಿಂದ ಚಿತ್ತೆಗೆ ಎಷ್ಟು ಡಿಗ್ರಿಯೆಂದು ಅಳೆದರೆ ಸಾಕು, ಉಳಿದದ್ದು ಕೂಡುವ ಕಳೆಯುವ ಕೆಲಸ.

ಅವನಿಗೆ ಬಂದ ಉತ್ತರ ೬ ಡಿಗ್ರಿ. ತಿಮೊಕಾರಿಸನ ಕಾಲಕ್ಕೆ ಲೆಕ್ಕ ಹಾಕಿದರೆ ಬಂದದ್ದು ೮ ಡಿಗ್ರಿ.

ಎರಡು ಡಿಗ್ರಿಯೆಂದರೆ ಎಷ್ಟು? ಕೈಯನ್ನು ನೀಳವಾಗಿ ಚಾಚಿ ಹಿಡಿದ ಹೆಬ್ಬೆರಳು ಆಕಾಶದಲ್ಲಿ ಮರೆಮಾಡುವ ಜಾಗದಷ್ಟು. ಹಿಂದಿನವನು ತಪ್ಪಾಗಿ ನೋಡಿದನೆಂದು ಹೇಳಿ ಕೈತೊಳೆದುಕೊಳ್ಳುವುದು ಬಹಳ ಸುಲಭವಾಗಿತ್ತು. ಹಿಪಾರ್ಕಸ್ ಹಾಗೆ ಮಾಡಲಿಲ್ಲ. ಚಿತ್ತೆಯೊಂದೇ ಜರುಗಿತೆ, ಸೂರ್ಯಪಥದ ಪಕ್ಕದ ತಾರೆಗಳು ಮಾತ್ರ ಜರುಗಿದುವೆ, ಇಡೀ ತಾರಾಗೋಲವೇ ಜರುಗಿತೆ ಎಂದು ವಿಚಾರಿಸಿದ. ಕೊನೆಗೆ ವಿಷುವದ್ಬಿಂದುಗಳೇ ನಕ್ಷತ್ರಗಳ ನಡುವೆ ಹಿಂದುಹಿಂದಕ್ಕೆ ಸರಿಯುತ್ತಿವೆ, ನೂರು ವರ್ಷಕ್ಕೆ ಒಂದು ಡಿಗ್ರಿಗಾದರೂ ಕಡಮೆಯಿಲ್ಲ ಎಂಬ ನಿರ್ಧಾರಕ್ಕೆ ಬಂದ. ಈ ವಿಷಯವಾಗಿ ಅವನು ಬರೆದ ಗ್ರಂಥ ಕಳೆದುಹೋಗಿದೆ. ಮೂರು ಶತಮಾನದ ಮೇಲೆ ಟಾಲೆಮಿ ತನ್ನ ದೊಡ್ಡ ಗ್ರಂಥದಲ್ಲಿ ಅದರ ಸಾರವನ್ನು ಉಳಿಸಿದುದರಿಂದ ನಮಗೆ ತಿಳಿದಿದೆ. ಟಾಲೆಮಿ ಮಾಡಿದ ಅಪಚಾರವೂ ಒಂದುಂಟು: "ಕಡಮೆಯಿಲ್ಲ" ಎಂಬ ಮಾತನ್ನು ಬಿಟ್ಟು, ನೂರು ವರ್ಷಕ್ಕೆ ಸರಿಯಾಗಿ ಒಂದೇ ಡಿಗ್ರಿಯೆಂದು ಹಿಡಿದ. ನಿಜವಾದ ಗತಿ ಸುಮಾರು ೭೨ ವರ್ಷಕ್ಕೆ ಒಂದು ಡಿಗ್ರಿ. ಈ ಸರಿಯುವಿಕೆಯ ಗತಿಯನ್ನು ಸರಿಪಡಿಸುವ ಕೆಲಸ ಶತಮಾನಗಟ್ಟಲೆ ನಡೆಯಿತು. ಹದಿನಾರನೆಯ ಶತಮಾನದಲ್ಲಿ ಪೋಲೆಂಡಿನ ಕೊಪರ್ನಿಕಸ್ ಕೂಡ ಮರದ ಪಟ್ಟಿಗಳಿಂದ ತಾನೇ ಮಾಡಿಕೊಂಡ ಉಪಕರಣದಿಂದ ಇದೇ ಚಿತ್ತೆಯನ್ನು ಮತ್ತೆ ಮತ್ತೆ ಅಳೆದ.

ಈ ಸರಿಯುವಿಕೆಯ ಕಾರಣವನ್ನು ನಮ್ಮ ಹುಡುಗರು ಬೀದಿಯಲ್ಲಿಯೇ ನೋಡಿದ್ದಾರೆ. ಬಿರುಸಾಗಿ ತಿರುಗುವ ಬುಗುರಿ ತುಸು ವಾಲಿದಾಗ, ಅದರ ತಲೆ ಮೆಲ್ಲಗೆ ಒಂದು ಸುತ್ತು ಬರುತ್ತದಲ್ಲವೆ? ಭೂಮಿಯೂ ಅಂಥದೊಂದು ಬುಗುರಿ. ನಡು ಉಬ್ಬಿದ ಭೂಮಿಯನ್ನು ಸೂರ್ಯಚಂದ್ರರು ಎಳೆಯುವುದರಿಂದ ಅದರ ಅಕ್ಷವು ಸುಮಾರು ೨೬,೦೦೦ ವರ್ಷಗಳಿಗೊಮ್ಮೆ ಹೀಗೆ ಸುತ್ತುಬರುತ್ತದೆ. ಅಕ್ಷದೊಡನೆ ವಿಷುವದ್ಬಿಂದುಗಳೂ ಸರಿಯುತ್ತವೆ. ಇದನ್ನೇ ನಮ್ಮವರು ಅಯನಚಲನೆ ಎಂದದ್ದು.

ನಮ್ಮ ದೇಶದಲ್ಲಿ ಇದರ ಸುಳಿವು ಯಾರಿಗೂ ಇರಲಿಲ್ಲವೆಂದು ಭಾವಿಸಬೇಡಿ. ಆರನೆಯ ಶತಮಾನದ ವರಾಹಮಿಹಿರನು, ಹಿಂದಿನ ಶಾಸ್ತ್ರಗಳಲ್ಲಿ ಆಶ್ಲೇಷೆಯ ನಡುವಿನಲ್ಲಿ ಹೇಳಿದ್ದ ದಕ್ಷಿಣಾಯನವು ತನ್ನ ಕಾಲದಲ್ಲಿ ಕರ್ಕಾಟಕದ ಆದಿಯಲ್ಲಿ ಆಗುತ್ತಿದೆಯೆಂದು ಸ್ಪಷ್ಟವಾಗಿ ಗುರುತಿಸಿದ್ದಾನೆ. ಸೂರ್ಯಸಿದ್ಧಾಂತದಲ್ಲಿ ಅಯನಚಲನೆಯ ಮಾತು ಬರುತ್ತದೆ; ಆದರೆ ಅಲ್ಲಿ ಅದು ಪೂರ್ಣ ಸುತ್ತಲ್ಲ, ತೊಟ್ಟಿಲಿನಂತೆ ಎರಡು ಕಡೆಗೂ ೨೭ ಡಿಗ್ರಿ ತೂಗುವ ಆಟ. ಅದೇ ಸೂರ್ಯಸಿದ್ಧಾಂತವು ಚಿತ್ತೆಗೆ ಕೊಟ್ಟಿರುವ ಸ್ಥಾನ ೧೮೦ ಡಿಗ್ರಿ, ಎಂದರೆ ಮೇಷದ ಆದಿಗೆ ನೇರ ಎದುರು. ಬ್ರಹ್ಮಗುಪ್ತನು ೧೮೩ ಎಂದ. ಈ ಮೂರು ಡಿಗ್ರಿಯ ವ್ಯತ್ಯಾಸವನ್ನು ನೆನಪಿನಲ್ಲಿಡಿ. ಇಂಥದೇ ಒಂದು ವ್ಯತ್ಯಾಸ ಮುಂದೆ ದೊಡ್ಡ ಜಗಳಕ್ಕೆ ಕಾರಣವಾಯಿತು.

ಚಿತ್ತೆ ಸೆಪ್ಟೆಂಬರಿನ ವಿಷುವದ್ಬಿಂದುವಿನ ಎದುರಿಗೇ ಇದ್ದದ್ದು ಕ್ರಿಸ್ತಶಕ ೨೮೫ರ ಸುಮಾರಿನಲ್ಲಿ. ಆಗ ಋತುಗಳ ಲೆಕ್ಕವೂ ನಕ್ಷತ್ರಗಳ ಲೆಕ್ಕವೂ ಒಂದೇ ಆಗಿದ್ದುವು. ಉತ್ತರಾಯಣವೂ ಮಕರ ಸಂಕ್ರಾಂತಿಯೂ ಒಂದೇ ದಿನ. ಬಳಿಕ ಎರಡು ಲೆಕ್ಕಗಳೂ ಬೇರೆಬೇರೆ ದಾರಿ ಹಿಡಿದುವು. ಸೂರ್ಯನು ಒಂದು ವಿಷುವದಿಂದ ಮತ್ತೆ ಅದೇ ವಿಷುವಕ್ಕೆ ಬರಲು ಬೇಕಾದ ಕಾಲಕ್ಕಿಂತ, ಒಂದು ನಕ್ಷತ್ರದಿಂದ ಮತ್ತೆ ಅದೇ ನಕ್ಷತ್ರಕ್ಕೆ ಬರಲು ಸುಮಾರು ೨೦ ನಿಮಿಷ ಹೆಚ್ಚು ಬೇಕು. ವರ್ಷಕ್ಕೆ ೨೦ ನಿಮಿಷ ಯಾರ ಗಮನಕ್ಕೆ ಬಂದೀತು? ಆದರೆ ೭೨ ವರ್ಷಕ್ಕೆ ಅದು ಒಂದು ದಿನವಾಗುತ್ತದೆ. ಇಂದಿಗೆ ೨೪ ದಿನಗಳಾಗಿವೆ. ಪಂಚಾಂಗದವರು ನಕ್ಷತ್ರವನ್ನು ಹಿಡಿದರು, ಭೂಗೋಳದ ಪುಸ್ತಕ ವಿಷುವವನ್ನು ಹಿಡಿಯಿತು. ತಾತನವರ ಎರಡು ಸೂರ್ಯರು ಇವರೇ.

ಇದು ಹಬ್ಬಕ್ಕೆ ಮಾತ್ರ ಸಂಬಂಧಿಸಿದ ವಿಷಯವಾಗಿದ್ದರೆ ಅಷ್ಟು ಚಿಂತೆಯಿಲ್ಲ. ಎಳ್ಳು ಬೆಲ್ಲ ಯಾವ ದಿನ ತಿಂದರೂ ಸಿಹಿಯೇ. ನಮ್ಮ ರೈತರು ಮಳೆಯನ್ನು ಎಣಿಸುವುದೂ ನಕ್ಷತ್ರಗಳ ಹೆಸರಿನಿಂದ. ಸೂರ್ಯನು ಚಿತ್ರಾ ನಕ್ಷತ್ರದ ಭಾಗದಲ್ಲಿರುವ ಹದಿಮೂರು ಹದಿನಾಲ್ಕು ದಿನಗಳಲ್ಲಿ ಬರುವುದು ಚಿತ್ತೆ ಮಳೆ. ಈಗ ಅದು ಬೀಳುವುದು ಅಕ್ಟೋಬರ್ ೧೦ರಿಂದ ೨೪ರ ಒಳಗೆ. ೨೮೫ರ ಲೆಕ್ಕದಲ್ಲಿ ಅದೇ ಹೆಸರಿನ ದಿನಗಳು ಸೆಪ್ಟೆಂಬರ್ ನಡುವಿನಿಂದ ತಿಂಗಳ ಕೊನೆಯವರೆಗೆ ಬರುತ್ತಿದ್ದುವು. ಮಾರುತಗಳು ಪಂಚಾಂಗ ನೋಡಿ ಬೀಸುವುದಿಲ್ಲ. ಅವು ಸೂರ್ಯನ ಬಿಸಿಲನ್ನು ಹಿಡಿದು ನಡೆಯುತ್ತವೆ. ಹೀಗೆಯೇ ಬಿಟ್ಟರೆ ಇನ್ನು ಸಾವಿರ ವರ್ಷಗಳಲ್ಲಿ ಚಿತ್ತೆ ಮಳೆ ಮತ್ತೆ ಎರಡು ವಾರ ಮುಂದಕ್ಕೆ ಹೋಗುತ್ತದೆ, ಆದರೆ ಆಕಾಶದ ನೀರು ತನ್ನ ಹಳೆಯ ಕಾಲಕ್ಕೇ ಬರುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಇದು ಪಂಡಿತರ ಕಣ್ಣಿಗೆ ಬಿತ್ತು. ಮದರಾಸು ವೀಕ್ಷಣಾಲಯದಲ್ಲಿದ್ದ ಚಿಂತಾಮಣಿ ರಘುನಾಥಾಚಾರ್ಯರು ಕಣ್ಣಿಗೆ ಕಂಡ ಗ್ರಹಗಳಿಗೆ ಹೊಂದುವ ದೃಗ್ಗಣಿತ ಪಂಚಾಂಗವನ್ನು ಹೊರಡಿಸಿ ಸಂಪ್ರದಾಯಸ್ಥರ ವಿರೋಧಕ್ಕೆ ಗುರಿಯಾದರು. ಪ್ರಸಂಗವಶಾತ್ ಹೇಳುವುದಾದರೆ, ೧೮೬೭ರಲ್ಲಿ ಬೆಳಕು ಏರಿಳಿಯುವ ಒಂದು ಚಂಚಲ ತಾರೆಯನ್ನು ಕಂಡುಹಿಡಿದವರೂ ಅವರೇ. ಅದು ಬರಿಗಣ್ಣಿಗೆ ಕಾಣುವಂಥದಲ್ಲ. ಅವರ ಬಳಿಕ ಕಣಕ್ಕೆ ಇಳಿದವರು ಬಾಗಲಕೋಟೆಯಲ್ಲಿ ಅಧ್ಯಾಪಕರಾಗಿದ್ದ ವೆಂಕಟೇಶ ಬಾಪೂಜಿ ಕೇತಕರರು. ಶಾಲೆಯ ಪಾಠದ ನಡುವೆ ಬಿಡುವು ಮಾಡಿಕೊಂಡು, ಯೂರೋಪಿನ ಹೊಸ ಗಣಿತದಿಂದ ಗ್ರಹಗಳ ಲೆಕ್ಕವನ್ನೆಲ್ಲ ಹೊಸದಾಗಿ ಮಾಡಿ, ಅದನ್ನು ಸಂಸ್ಕೃತದಲ್ಲಿ ಬರೆದವರು ಅವರು. ಆಕಾಶದ ಸೊನ್ನೆಯ ಗುರುತನ್ನು ಎಲ್ಲಿಡಬೇಕೆಂಬ ಪ್ರಶ್ನೆ ಬಂದಾಗ ಕೇತಕರರು ಚಿತ್ತೆಯನ್ನು ಹಿಡಿದರು. ಚಿತ್ತೆಯನ್ನು ೧೮೦ ಎಂದು ಇಟ್ಟುಕೊಳ್ಳಿ, ಅದರ ಎದುರು ಬಿಂದುವೇ ಸೊನ್ನೆ ಎಂಬುದು ಚಿತ್ರಾಪಕ್ಷ.

ಎದುರು ಪಕ್ಷದಲ್ಲಿ ನಿಂತವರು ಸಾಮಾನ್ಯರಲ್ಲ, ಲೋಕಮಾನ್ಯ ತಿಲಕರು. ರೇವತೀ ನಕ್ಷತ್ರದ ಬಳಿಯೇ ಸೊನ್ನೆಯನ್ನು ಇಡಬೇಕೆಂಬುದು ರೇವತೀಪಕ್ಷ. ಸಿದ್ಧಾಂತಗ್ರಂಥಗಳ ಆಧಾರ ಎರಡು ಪಕ್ಷಕ್ಕೂ ಇತ್ತು. ಆದರೆ ಎರಡು ಸೊನ್ನೆಗಳಿಗೂ ನಡುವೆ ಸುಮಾರು ೪ ಡಿಗ್ರಿ ಅಂತರ. ಒಬ್ಬರ ಸಂಕ್ರಾಂತಿ ಜನವರಿ ೧೪ಕ್ಕೆ, ಮತ್ತೊಬ್ಬರದು ೧೦ಕ್ಕೆ. ಅಧಿಕಮಾಸ ಬಂದಾಗಲಂತೂ ಒಂದೊಂದು ವರ್ಷ ಇಬ್ಬರಿಗೂ ಒಂದು ತಿಂಗಳ ವ್ಯತ್ಯಾಸವೇ ಬಿದ್ದು, ಒಂದೇ ಬೀದಿಯ ಎರಡು ಮನೆಗಳಲ್ಲಿ ಹಬ್ಬ ಬೇರೆಬೇರೆ ತಿಂಗಳು. ಈ ವಾದದಲ್ಲಿ ನನ್ನ ಮನಸ್ಸು ಕೇತಕರರ ಕಡೆಗೇ ವಾಲುತ್ತದೆ, ಕಾರಣ ಸರಳವಾದುದು. ರೇವತಿಯ ಆ ತಾರೆ ಊರದೀಪಗಳ ನಡುವೆ ಕಾಣುವುದೇ ಇಲ್ಲ. ಕತ್ತಲೆಯ ಹಳ್ಳಿಯಲ್ಲಿಯೂ ತೀಕ್ಷ್ಣವಾದ ಕಣ್ಣು ಬೇಕು. ಗೂಟ ಹೊಡೆಯುವುದಾದರೆ ಕಣ್ಣಿಗೆ ಕಾಣುವ ಗೂಟವನ್ನೇ ಹೊಡೆಯಬೇಡವೆ?

ಸ್ವಾತಂತ್ರ್ಯ ಬಂದ ಮೇಲೆ ಇದು ಸರ್ಕಾರದ ಮುಂದೆ ಬಂತು. ದೇಶದಲ್ಲಿ ಸುಮಾರು ಮೂವತ್ತು ಬಗೆಯ ಪಂಚಾಂಗಗಳು ಬಳಕೆಯಲ್ಲಿದ್ದುವು. ೧೯೫೨ರಲ್ಲಿ ಭೌತವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಪಂಚಾಂಗ ಸುಧಾರಣಾ ಸಮಿತಿ ನೇಮಕವಾಯಿತು, ಎನ್. ಸಿ. ಲಾಹಿರಿಯವರು ಅದರ ಕಾರ್ಯದರ್ಶಿ. ನಕ್ಷತ್ರಗಳ ಬೆಳಕಿನಿಂದ ಅವುಗಳ ಉಷ್ಣತೆಯನ್ನು ತಿಳಿಯುವ ಸಮೀಕರಣವನ್ನು ಜಗತ್ತಿಗೆ ಕೊಟ್ಟ ಸಹಾ ಅವರೇ, ಅದೇ ನಕ್ಷತ್ರಗಳಿಂದ ಹಬ್ಬದ ದಿನ ಗೊತ್ತುಮಾಡುವ ಜಗಳವನ್ನೂ ಬಿಡಿಸಬೇಕಾಗಿ ಬಂದದ್ದು ಒಂದು ವಿನೋದವೇ ಸರಿ. ಸಮಿತಿ ೧೯೫೫ರಲ್ಲಿ ವರದಿ ಕೊಟ್ಟಿತು. ಸೊನ್ನೆಯ ಗುರುತಿಗೆ ಚಿತ್ರಾಪಕ್ಷವನ್ನು ಒಪ್ಪಿ, ೧೯೫೬ರ ಮಾರ್ಚ್ ೨೧ರಂದು ಅಯನಾಂಶ, ಎಂದರೆ ವಿಷುವಕ್ಕೂ ನಕ್ಷತ್ರಗಳ ಸೊನ್ನೆಗೂ ಇರುವ ಅಂತರ, ೨೩ ಡಿಗ್ರಿ ೧೫ ಕಲೆ ಎಂದು ನಿಶ್ಚಯಿಸಿತು. ರಾಷ್ಟ್ರೀಯ ಪಂಚಾಂಗದ ದಿನಗಳನ್ನು ಮಾತ್ರ ಋತುಗಳಿಗೇ ಕಟ್ಟಿತು. ವಿಷುವದ ಮರುದಿನ ಚೈತ್ರ ೧. ಹೀಗೆ ೧೯೫೭ರ ಮಾರ್ಚ್ ೨೨ರಂದು ಶಕ ೧೮೭೯ರ ಚೈತ್ರ ೧ ಬಂತು. ಸರ್ಕಾರದ ಗೆಜೆಟ್ಟಿನಲ್ಲಿಯೂ ಆಕಾಶವಾಣಿಯ ವಾರ್ತಾಪ್ರಸಾರದಲ್ಲಿಯೂ ಇಂಗ್ಲಿಷ್ ತಾರೀಖಿನ ಜೊತೆಗೆ ಶಕವರ್ಷದ ತಾರೀಖು ಸೇರಿದ್ದು ಈ ನಿರ್ಣಯದಿಂದ. ಚೈತ್ರವೆಂಬ ಹೆಸರು ಉಳಿಯಿತು, ಚಿತ್ತೆಯ ಹಂಗು ತಪ್ಪಿತು. ಜನರು ಮನೆಯ ಹಬ್ಬಗಳಿಗೆ ಮೊದಲಿನ ಪಂಚಾಂಗವನ್ನೇ ಇಟ್ಟುಕೊಂಡರು.

ಇಷ್ಟೆಲ್ಲ ವಾದಗಳಲ್ಲಿ ಯಾರೂ ಕೇಳದಿದ್ದ ಪ್ರಶ್ನೆಯೊಂದುಂಟು. ಗೂಟ ಗಟ್ಟಿಯಾಗಿದೆಯೆ?

೧೮೯೦ರಲ್ಲಿ ಜರ್ಮನಿಯ ಪಾಟ್ಸ್‌ಡಾಮ್ ವೀಕ್ಷಣಾಲಯದ ಫೋಗೆಲ್ ಎಂಬ ವಿಜ್ಞಾನಿ ಚಿತ್ತೆಯ ಬೆಳಕನ್ನು ಗಾಜಿನ ಪಟ್ಟಕದಿಂದ ಬಣ್ಣಗಳಾಗಿ ಬಿಡಿಸಿ ಫೋಟೋ ತೆಗೆದು ನೋಡಿದಾಗ, ಅದರಲ್ಲಿರುವ ಕಪ್ಪು ಗೆರೆಗಳು ನಿಂತಲ್ಲಿ ನಿಲ್ಲದೆ ಒಮ್ಮೆ ಕೆಂಪಿನ ಕಡೆಗೆ, ಒಮ್ಮೆ ನೇರಳೆಯ ಕಡೆಗೆ ಸರಿದಾಡುವುದು ಕಂಡಿತು. ರೈಲು ನಮ್ಮತ್ತ ಬರುವಾಗ ಸೀಟಿಯ ಸ್ವರ ಏರಿ, ದೂರ ಹೋಗುವಾಗ ಇಳಿಯುವುದಲ್ಲವೆ? ಬೆಳಕಿಗೂ ಇದೇ ನಿಯಮ. ಚಿತ್ತೆ ಒಮ್ಮೆ ನಮ್ಮ ಕಡೆಗೆ, ಒಮ್ಮೆ ಆಚೆಗೆ ಧಾವಿಸುತ್ತಿದೆ. ನಾಲ್ಕು ದಿನಗಳಿಗೊಮ್ಮೆ ಅದೇ ಆಟ. ಇದಕ್ಕೆ ಅರ್ಥ ಒಂದೇ. ಅದು ಒಂದು ತಾರೆಯಲ್ಲ, ಕಣ್ಣಿಗೆ ಕಾಣದ ಜೊತೆಗಾರನೊಬ್ಬನ ಸುತ್ತ ತಿರುಗುತ್ತಿರುವ ತಾರೆ.

ಈಗ ನಮಗೆ ತಿಳಿದಿರುವ ಮಟ್ಟಿಗೆ ಆ ಜೋಡಿಯ ಚಿತ್ರ ಹೀಗಿದೆ. ದೊಡ್ಡದರಲ್ಲಿ ನಮ್ಮ ಸೂರ್ಯನ ಸುಮಾರು ಹನ್ನೊಂದರಷ್ಟು ದ್ರವ್ಯ, ಚಿಕ್ಕದರಲ್ಲಿ ಏಳರಷ್ಟು. ಸೂರ್ಯನ ಮೇಲ್ಮೈಯ ಉಷ್ಣತೆ ೬,೦೦೦ ಡಿಗ್ರಿಗೂ ಕೆಳಗಿದ್ದರೆ, ದೊಡ್ಡ ತಾರೆಯದು ೨೨,೦೦೦ಕ್ಕೂ ಮೇಲೆ. ನೀವು ಮಹಡಿಯ ಮೇಲಿಂದ ಕಂಡ ಆ ನೀಲಿಗೆ ಕಾರಣ ಇದೇ. ಎರಡರ ನಡುವಿನ ಅಂತರ ನಮ್ಮ ಸೂರ್ಯನಿಂದ ಬುಧನಿಗೆ ಇರುವ ದೂರದ ಮೂರರಲ್ಲೊಂದು ಪಾಲು ಮಾತ್ರ. ಇಷ್ಟು ಹತ್ತಿರದಲ್ಲಿ, ದೊಡ್ಡ ತಾರೆಯು ಸೆಕೆಂಡಿಗೆ ನೂರು ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಸುತ್ತಿ, ನಾಲ್ಕು ದಿನ ಇಪ್ಪತ್ತು ನಿಮಿಷಗಳಲ್ಲಿ ಒಂದು ಸುತ್ತು ಮುಗಿಸುತ್ತದೆ. ಒಂದರ ಸೆಳೆತದಿಂದ ಒಂದು ಎಳೆಯಲ್ಪಟ್ಟು ಎರಡೂ ಮೊಟ್ಟೆಯ ಆಕಾರ ತಾಳಿವೆ. ಮೊಟ್ಟೆಯ ಪಕ್ಕ ನಮ್ಮತ್ತ ತಿರುಗಿದಾಗ ಬೆಳಕು ತುಸು ಹೆಚ್ಚು, ತುದಿ ತಿರುಗಿದಾಗ ತ‌ುಸು ಕಡಮೆ.

ಈ ಜೋಡಿಯನ್ನು ನಿಜವಾಗಿ ಅಳೆದವರ ಕಥೆ ರೇಡಿಯೋ ಪ್ರಿಯರಿಗೆ ಹಿಡಿಸೀತು. ರಾಬರ್ಟ್ ಹ್ಯಾನ್‌ಬರಿ ಬ್ರೌನ್ ಎಂಬ ಆಂಗ್ಲ ವಿಜ್ಞಾನಿ ಹುಟ್ಟಿದ್ದು ೧೯೧೬ರಲ್ಲಿ, ನಮ್ಮ ನೆರೆಯ ನೀಲಗಿರಿಯ ಅರುವಂಕಾಡಿನಲ್ಲಿ. ಮಹಾಯುದ್ಧದ ಕಾಲದಲ್ಲಿ ರೇಡಾರ್ ಕೆಲಸದಲ್ಲಿದ್ದು, ಬಳಿಕ ಆಕಾಶದಿಂದ ಬರುವ ರೇಡಿಯೋ ಅಲೆಗಳನ್ನು ಹಿಡಿಯುವುದರಲ್ಲಿ ನಿರತರಾದರು. ದೂರದೂರದಲ್ಲಿಟ್ಟ ಎರಡು ರೇಡಿಯೋಗಳಿಗೆ ಒಂದೇ ಮೂಲದಿಂದ ಬರುವ ಸದ್ದಿನ ಏರಿಳಿತಗಳನ್ನು ಹೋಲಿಸಿ ಆ ಮೂಲದ ಗಾತ್ರವನ್ನು ಕಂಡುಹಿಡಿಯಬಹುದೆಂದು ತೋರಿಸಿದ ಅವರು, ಅದೇ ಉಪಾಯವನ್ನು ನಕ್ಷತ್ರದ ಬೆಳಕಿಗೂ ಹೂಡಬಹುದೆಂದರು. ಹಲವು ಭೌತವಿಜ್ಞಾನಿಗಳು ಇದು ಸಾಧ್ಯವೇ ಇಲ್ಲವೆಂದು ವಾದಿಸಿದರು. ಹ್ಯಾನ್‌ಬರಿ ಬ್ರೌನ್ ಮತ್ತು ಅವರ ಜೊತೆಗಾರ ಟ್ವಿಸ್ ವಾದಕ್ಕೆ ವಾದದಿಂದ ಮಾತ್ರ ಉತ್ತರ ಕೊಡದೆ, ಸೈನ್ಯದ ಎರಡು ಸರ್ಚ್‌ಲೈಟ್ ಕನ್ನಡಿಗಳನ್ನು ತಂದು ಲುಬ್ಧಕ ನಕ್ಷತ್ರವನ್ನು ಅಳೆದು ತೋರಿಸಿದರು.

ಆಮೇಲೆ ಆಸ್ಟ್ರೇಲಿಯದ ನ್ಯಾರಬ್ರೈ ಎಂಬ ಊರಿನ ಹೊರಗೆ ದೊಡ್ಡ ಉಪಕರಣ ಎದ್ದಿತು. ೧೮೮ ಮೀಟರ್ ಅಡ್ಡಗಲದ ವೃತ್ತಾಕಾರದ ರೈಲು ಹಳಿ. ಅದರ ಮೇಲೆ ಓಡಾಡುವ ಎರಡು ಬಂಡಿಗಳು. ಒಂದೊಂದರ ಮೇಲೂ ೨೫೨ ಚಿಕ್ಕ ಕನ್ನಡಿಗಳನ್ನು ಜೋಡಿಸಿ ಮಾಡಿದ ಆರೂವರೆ ಮೀಟರ್ ಅಗಲದ ತಟ್ಟೆ. ಅದರಿಂದ ಚಿತ್ತೆಯ ಜೋಡಿಯನ್ನು ಅಳೆದ ಫಲ ೧೯೭೧ರಲ್ಲಿ ಪ್ರಕಟವಾಯಿತು. ಇದರಿಂದ ದೂರ ಹೇಗೆ ತಿಳಿಯಿತೆನ್ನುವಿರಾ? ರಾತ್ರಿ ಎದುರಿನಿಂದ ಬರುವ ಲಾರಿಯ ಎರಡು ದೀಪಗಳ ನಡುವೆ ಎಷ್ಟು ಅಡಿಯೆಂದು ನಿಮಗೆ ಗೊತ್ತಿದ್ದರೆ, ದೀಪಗಳು ಎಷ್ಟು ಅಗಲಕ್ಕೆ ಕಾಣುತ್ತವೆಂಬುದರಿಂದ ಲಾರಿ ಎಷ್ಟು ದೂರದಲ್ಲಿದೆಯೆಂದು ಹೇಳಬಹುದು. ಫೋಗೆಲ್ ತೋರಿಸಿದ ಗೆರೆಗಳು ಕಕ್ಷೆಯ ಅಗಲವನ್ನು ಕಿಲೋಮೀಟರುಗಳಲ್ಲಿ ಕೊಟ್ಟುವು. ನ್ಯಾರಬ್ರೈಯ ಕನ್ನಡಿಗಳು ಅದೇ ಕಕ್ಷೆ ಆಕಾಶದಲ್ಲಿ ಎಷ್ಟು ಅಗಲಕ್ಕೆ ಕಾಣುತ್ತದೆಂದು ಹೇಳಿದುವು. ಬಂದ ದೂರ ಸುಮಾರು ೨೭೪ ಜ್ಯೋತಿರ್ವರ್ಷ. ೧೯೮೯ರಲ್ಲಿ ಯೂರೋಪಿನವರು ಹಾರಿಸಿದ ಉಪಗ್ರಹವೊಂದು ಬೇರೊಂದು ವಿಧಾನದಿಂದ ಅಳೆದು ಇದನ್ನು ತುಸು ತಿದ್ದಿತು. ಸುಮಾರು ೨೫೦ ಎಂದು ನಾನು ಮೊದಲಿಗೆ ಹೇಳಿದ್ದು ಆ ಲೆಕ್ಕ. ಆ ಉಪಗ್ರಹಕ್ಕೆ ಇಟ್ಟ ಹೆಸರು ಹಿಪಾರ್ಕಸನ ನೆನಪಿಗೆ. ನಮ್ಮ ನೀಲಗಿರಿಯಲ್ಲಿ ಹುಟ್ಟಿದ ಹ್ಯಾನ್‌ಬರಿ ಬ್ರೌನರು ಮುಂದೆ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾದರು. ೧೯೮೫ರಲ್ಲಿ ಆ ಒಕ್ಕೂಟದ ಮಹಾಸಭೆ ಸೇರಿದ್ದು ದೆಹಲಿಯಲ್ಲಿ.

ಅದೇ ಆಸ್ಟ್ರೇಲಿಯದ ವಿಜ್ಞಾನಿಗಳ ತಂಡದಿಂದ ೧೯೬೯ರಲ್ಲಿ ಇನ್ನೊಂದು ಸುದ್ದಿ ಹೊರಬಿತ್ತು. ಚಿತ್ತೆಯ ಬೆಳಕನ್ನು ಸೂಕ್ಷ್ಮವಾಗಿ ಅಳೆದಾಗ, ಮೊಟ್ಟೆಯಾಕಾರದ ನಾಲ್ಕು ದಿನಗಳ ಏರಿಳಿತದ ಮೇಲೆ ಮತ್ತೊಂದು ಚುರುಕಾದ ಏರಿಳಿತವೂ ಕಂಡಿತು. ಸುಮಾರು ನಾಲ್ಕು ಗಂಟೆ ಹತ್ತು ನಿಮಿಷಗಳಿಗೊಮ್ಮೆ ದೊಡ್ಡ ತಾರೆಯ ಮೈ ಮಿಡಿಯುತ್ತಿತ್ತು, ಜೀವವಿರುವ ಪ್ರಾಣಿಯ ನಾಡಿಯಂತೆ. ಇಂಥ ತಾರೆಗಳದು ಒಂದು ಕುಲವೇ ಉಂಟು. ಎಲ್ಲವೂ ಬಿಸಿಯಾದುವು, ಎಲ್ಲವೂ ಭಾರವಾದುವು. ಮಿಡಿತಕ್ಕೆ ಕಾರಣ ತಿಳಿದದ್ದು ೧೯೯೦ರ ಸುಮಾರಿನಲ್ಲಿ. ತಾರೆಯ ಒಳಪದರವೊಂದರಲ್ಲಿರುವ ಕಬ್ಬಿಣ ಮತ್ತು ಅದರ ಜಾತಿಯ ಧಾತುಗಳು ಒಳಗಿನಿಂದ ಬರುವ ಬೆಳಕನ್ನು ತಡೆದು ಹಿಡಿಯುತ್ತವೆ. ಒತ್ತಡ ಹೆಚ್ಚಿ ಪದರ ಉಬ್ಬುತ್ತದೆ. ಬೆಳಕು ತಪ್ಪಿಸಿಕೊಂಡ ಮೇಲೆ ಕುಗ್ಗುತ್ತದೆ. ಒಲೆಯ ಮೇಲಿನ ಅನ್ನದ ಪಾತ್ರೆಯ ಮುಚ್ಚಳ ಎದ್ದು ಎದ್ದು ಬೀಳುವುದನ್ನು ನೋಡಿದವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

ಹಾಗಾದರೆ ತಿಮೊಕಾರಿಸನಿಂದ ಕೇತಕರರವರೆಗೆ ಯಾರಿಗೂ ಇದು ಕಾಣಲಿಲ್ಲವೇಕೆ? ಬೆಳಕಿನ ಏರಿಳಿತವೆಲ್ಲ ನೂರರಲ್ಲಿ ಕೆಲವೇ ಪಾಲು. ಯಾವ ಕಣ್ಣೂ ಅದನ್ನು ಹಿಡಿಯಲಾರದು. ಅವರ ಲೆಕ್ಕಗಳಿಗೆ ಇದರಿಂದ ಬಾಧಕವೂ ಇಲ್ಲ. ಚಿತ್ತೆ ಸ್ಥಳ ಬಿಟ್ಟು ಕದಲುವುದು ಎಷ್ಟು ನಿಧಾನವೆಂದರೆ, ಹಿಪಾರ್ಕಸನ ಕಾಲದಿಂದ ಇಂದಿನವರೆಗೆ ಚಂದ್ರಬಿಂಬದ ಅಗಲದ ಹತ್ತರಲ್ಲೊಂದು ಪಾಲಿನಷ್ಟನ್ನೂ ಅದು ಸರಿದಿಲ್ಲ. ಗೂಟ ನೆಟ್ಟ ಜಾಗದಲ್ಲೇ ಇದೆ. ಮರದ ಗೂಟವೆಂದು ಹಗ್ಗ ಬಿಗಿದವರಿಗೆ ಅದು ಉಸಿರಾಡುತ್ತಿತ್ತೆಂದು ಗೊತ್ತಿರಲಿಲ್ಲ, ಅಷ್ಟೆ.

ಕಥೆ ಇಲ್ಲಿಗೆ ಮುಗಿಯಬಹುದಾಗಿತ್ತು. ಆದರೆ ಮಿಡಿತವನ್ನು ಕಂಡುಹಿಡಿದ ಕೆಲವೇ ವರ್ಷಗಳಲ್ಲಿ, ೧೯೭೦ರಿಂದ ಈಚೆಗೆ, ಅದು ಕುಗ್ಗುತ್ತ ಕುಗ್ಗುತ್ತ ಹೆಚ್ಚುಕಡಮೆ ಅಡಗಿಹೋಯಿತು. ಉಪಗ್ರಹಗಳಲ್ಲಿಟ್ಟ ಸೂಕ್ಷ್ಮ ಉಪಕರಣಗಳಿಗೆ ಮಾತ್ರ ಅದರ ಸುಳಿವು ಸಿಕ್ಕಿದೆ. ತಾರೆ ಮಿಡಿಯುವುದನ್ನು ನಿಲ್ಲಿಸಿತೆ? ಹಾಗಲ್ಲ, ಮಿಡಿತ ನಮಗೆ ಕಾಣುವ ಬಗೆ ಬದಲಾಯಿತು ಎಂದು ಕೆಲವರು ಸೂಚಿಸಿದ್ದಾರೆ. ಜೊತೆಗಾರನ ಸೆಳೆತಕ್ಕೆ ಸಿಕ್ಕಿದ, ನಡು ಉಬ್ಬಿದ ಆ ದೊಡ್ಡ ತಾರೆಯ ಅಕ್ಷವು ವಾಲಿದ ಬುಗುರಿಯಂತೆ ಮೆಲ್ಲಗೆ ಸುತ್ತುಬರುತ್ತಿದೆ. ಅದರ ಮೈಯ ಬೇರೆ ಭಾಗ ನಮ್ಮತ್ತ ತಿರುಗುತ್ತಿದೆ. ಸುತ್ತು ಮುಂದುವರಿದಂತೆ ಮಿಡಿತ ಮತ್ತೆ ಕಂಡೀತು ಎಂಬುದು ಅವರ ಊಹೆ. ಊಹೆ ನಿಜವಾದರೆ, ಭೂಮಿಯಲ್ಲಿ ಯಾವ ಚಲನೆಯನ್ನು ಹಿಪಾರ್ಕಸ್ ಚಿತ್ತೆಯ ಸಹಾಯದಿಂದ ಕಂಡುಹಿಡಿದನೋ, ಅದೇ ಚಲನೆ ಚಿತ್ತೆಯಲ್ಲಿಯೂ ಇದೆ.